ನಾಲಿಗೆ ಮರೆಯದ ಮೊದಲ ಮಾತು
(ಸೆಪ್ಟೆಂಬರ್ 30, ಸಂತ ಜೆರೋಮರ ಹಬ್ಬದ ಸಂದರ್ಭದಲ್ಲಿ)

ಪ್ರಭು ಯೇಸುಕ್ರಿಸ್ತರು ಬಂಧಿತರಾದ ರಾತ್ರಿ. ಪ್ರಧಾನಯಾಜಕನ ಮನೆಯ ಅಂಗಳದಲ್ಲಿ ಪೇತ್ರನು ಕುಳಿತಿದ್ದಾನೆ. ತನಗೂ ಯೇಸುವಿಗೂ ಯಾವ ಸಂಬಂಧವೂ ಇಲ್ಲವೆಂದು ಒಮ್ಮೆಯಲ್ಲ, ಎರಡು ಸಲ ಹೇಳಿಯಾಗಿದೆ. ಆದರೂ ಅಲ್ಲಿದ್ದವರು ಅವನನ್ನು ಬಿಡಲಿಲ್ಲ. ಅವನು ಯಾರೆಂಬುದು ಅವನ ಮಾತಿನ ಧಾಟಿಯಿಂದಲೇ ಗೊತ್ತಾಗುತ್ತದೆ ಎಂದು ಹಿಡಿದು ಕೇಳಿದರು. ಮತ್ತಾಯನ ಶುಭಸಂದೇಶದ 26ನೇ ಅಧ್ಯಾಯದಲ್ಲಿ ಈ ಪ್ರಸಂಗವಿದೆ. ಗಲಿಲೇಯದವರೂ ಜೆರುಸಲೇಮಿನವರೂ ಆಡುತ್ತಿದ್ದುದು ಅರಮಾಯಿಕ್ ಭಾಷೆಯನ್ನೇ. ಆದರೆ ಬೆಸ್ತರ ಊರಿನ ಉಚ್ಚಾರಣೆ ರಾಜಧಾನಿಯಲ್ಲಿ ಅಡಗಲಿಲ್ಲ. ಬಾಯಿ ಸುಳ್ಳು ಹೇಳಿತು. ನಾಲಿಗೆ ನಿಜ ಹೇಳಿಬಿಟ್ಟಿತು.

ನಾವು ಮೊದಲು ಕಲಿತ ಮಾತು ಆಮೇಲೆ ಆಡುವ ಪ್ರತಿಯೊಂದು ಮಾತಿನ ಮೇಲೂ ತನ್ನ ಮುದ್ರೆಯನ್ನು ಒತ್ತುತ್ತದೆ. ಇದು ತೊಡಕೋ, ವರವೋ? ಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆತಾಯಂದಿರಿಗೆ ಇದು ಬರಿಯ ಪಂಡಿತರ ಪ್ರಶ್ನೆಯಲ್ಲ. ‘ಇಂಗ್ಲಿಷ್ ಚೆನ್ನಾಗಿ ಬರಬೇಕಾದರೆ ಮನೆಯಲ್ಲಿ ಕನ್ನಡವನ್ನೋ ಕೊಂಕಣಿಯನ್ನೋ ತಮಿಳನ್ನೋ ಆಡುವುದನ್ನು ಬಿಡಬೇಕೇ?’ ಎಂದು ಎಷ್ಟೋ ಮನೆಗಳಲ್ಲಿ ಚರ್ಚೆಯಾಗುತ್ತದೆ. ಭಾಷಾಂತರಕಾರರ ಪಾಲಕರಾದ ಸಂತ ಜೆರೋಮರ ಹಬ್ಬದ ನೆಪದಲ್ಲಿ ಇದಕ್ಕೆ ಧರ್ಮಸಭೆಯ ಚರಿತ್ರೆಯಲ್ಲಿ ಏನು ಉತ್ತರ ಸಿಗುತ್ತದೆಂದು ನೋಡೋಣ.

ಮರಳುಗಾಡಿನ ವಿದ್ಯಾರ್ಥಿ

ಜೆರೋಮರು ಸುಮಾರು 347ರಲ್ಲಿ ಸ್ತ್ರಿದೋನ್ ಎಂಬ ಊರಿನಲ್ಲಿ ಹುಟ್ಟಿದರು. ಓದಿದ್ದು ರೋಮ್ ನಗರದಲ್ಲಿ, ಹೆಸರಾಂತ ವ್ಯಾಕರಣಕಾರ ದೊನಾತುಸನ ಬಳಿ. ಅವರ ಲತೀನ್ ಗದ್ಯ ಅಂದಿನ ಕಾಲದ ಅತ್ಯುತ್ತಮ ಗದ್ಯಗಳಲ್ಲಿ ಒಂದು. ಗ್ರೀಕನ್ನೂ ಅವರು ಕರಗತ ಮಾಡಿಕೊಂಡರು. ಲತೀನಿಗೂ ಗ್ರೀಕಿಗೂ ಹತ್ತಿರದ ನಂಟು ಇದ್ದುದರಿಂದ ಒಂದರಿಂದ ಇನ್ನೊಂದಕ್ಕೆ ದಾಟುವುದು ಅಷ್ಟು ಕಷ್ಟವಾಗಿರಲಿಲ್ಲ.

ಆದರೆ ಸಿರಿಯಾದ ಖಾಲ್ಕಿಸ್ ಮರಳುಗಾಡಿನಲ್ಲಿ ತಪಸ್ವಿಯಾಗಿದ್ದಾಗ ಅವರು ಹೀಬ್ರೂ ಕಲಿಯಲು ಕುಳಿತರು. ಚಂಚಲ ಮನಸ್ಸನ್ನು ಹತೋಟಿಗೆ ತರಲು ಅದೊಂದು ದಾರಿಯೆಂದು ಭಾವಿಸಿ, ಕ್ರೈಸ್ತನಾಗಿದ್ದ ಒಬ್ಬ ಯೆಹೂದ್ಯನ ಶಿಷ್ಯರಾದರು. ಲತೀನ್ ಮತ್ತು ಗ್ರೀಕ್ ಅಭ್ಯಾಸವಾಗಿದ್ದ ನಾಲಿಗೆ ಅಲ್ಲಿ ಸೋತಿತು. ಗಂಟಲಿನಿಂದ ಹೊರಡುವ, ಉಸಿರೆಳೆದು ಆಡುವ, ಬುಸುಗುಟ್ಟುವ ಆ ಶಬ್ದಗಳು ತಮ್ಮನ್ನು ಎಷ್ಟು ಬಳಲಿಸಿದವೆಂದು ಅವರು ಮುಪ್ಪಿನಲ್ಲಿ ಒಬ್ಬ ಯುವ ಸನ್ಯಾಸಿಗೆ ಬರೆದ ಪತ್ರದಲ್ಲಿ ತೋಡಿಕೊಂಡಿದ್ದಾರೆ. ಎಷ್ಟೋ ಬಾರಿ ಕೈಬಿಟ್ಟರು, ಎಷ್ಟೋ ಬಾರಿ ಮತ್ತೆ ಹಿಡಿದರು. ಸಿಸೆರೋನ ನಯವಾದ ವಾಕ್ಯಗಳ ರುಚಿ ಕಂಡವರು ಮತ್ತೆ ಅಕ್ಷರಮಾಲೆಯಿಂದ ಆರಂಭಿಸಬೇಕಾಯಿತು. ಗೊತ್ತಿದ್ದ ಭಾಷೆಗಳಿಂದ ದೂರವಿದ್ದ ಭಾಷೆಯಾದ್ದರಿಂದ ಮೊದಲಿನ ಬಂಡವಾಳ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರಲಿಲ್ಲ.

ಆದರೆ ಒಮ್ಮೆ ಹೀಬ್ರೂ ಕೈಗೆ ಬಂದ ಮೇಲೆ ಅದೇ ಬಂಡವಾಳವಾಯಿತು. ದಾನಿಯೇಲನ ಗ್ರಂಥದ ಕೆಲವು ಭಾಗಗಳು ಅರಮಾಯಿಕ್ ಭಾಷೆಯಲ್ಲಿವೆ. ಜೆರೋಮರು ಅದನ್ನು ಕಲ್ದೀಯ ಭಾಷೆ ಎನ್ನುತ್ತಿದ್ದರು. ಹೀಬ್ರೂವಿಗೆ ಅದು ಸೋದರ ಭಾಷೆ. ತಮಗೆ ಆ ಭಾಷೆಯನ್ನು ಓದಿ ಅರ್ಥಮಾಡಿಕೊಳ್ಳಲು ಬರುತ್ತದೆ, ಆದರೆ ಉಚ್ಚರಿಸಲು ಅಷ್ಟಾಗಿ ಬರುವುದಿಲ್ಲ ಎಂದು ಅವರು ಆ ಗ್ರಂಥದ ಮುನ್ನುಡಿಯಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ತೋಬಿತನ ಗ್ರಂಥದ ಕಥೆ ಇನ್ನೂ ಸ್ವಾರಸ್ಯದ್ದು. ಅವರ ಕೈಗೆ ಬಂದ ಪ್ರತಿ ಅರಮಾಯಿಕ್‌ನಲ್ಲಿತ್ತು. ಎರಡೂ ಭಾಷೆಗಳನ್ನು ಬಲ್ಲ ಒಬ್ಬರನ್ನು ಅವರು ಕರೆಸಿದರು. ಆತ ಅರಮಾಯಿಕ್ ಓದಿ ಹೀಬ್ರೂವಿನಲ್ಲಿ ಹೇಳುತ್ತಾ ಹೋದ. ಜೆರೋಮರು ಅದನ್ನು ಕೇಳಿ ಲತೀನಿನಲ್ಲಿ ಹೇಳಿ ಲಿಪಿಕಾರನಿಂದ ಬರೆಸಿದರು. ಒಂದೇ ದಿನದಲ್ಲಿ ಕೆಲಸ ಮುಗಿಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಕಷ್ಟಪಟ್ಟು ಕಲಿತ ಒಂದು ಭಾಷೆ ಮತ್ತೊಂದು ಭಾಷೆಗೆ ಸೇತುವೆಯಾದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಹೊಸದಾಗಿ ಕಲಿತದ್ದು ಹಳೆಯದರ ಮೇಲೆ ಪ್ರಭಾವ ಬೀರುವುದೂ ಉಂಟು. ಹೀಬ್ರೂ ಓದಿ ಓದಿ ತಮ್ಮ ಲತೀನಿನ ಸೊಗಸೇ ಕೆಟ್ಟುಹೋಯಿತೆಂದು ಜೆರೋಮರು ಗಲಾತ್ಯರಿಗೆ ಬರೆದ ಪತ್ರದ ವ್ಯಾಖ್ಯಾನದಲ್ಲಿ ಕೊರಗಿದ್ದಾರೆ. ವರ್ಷಗಟ್ಟಲೆ ಪರದೇಶದಲ್ಲಿದ್ದು ಊರಿಗೆ ಬಂದವರು ಮನೆಮಾತಿಗೆ ತಡವರಿಸುವುದನ್ನು ನಾವು ಕಂಡಿಲ್ಲವೇ? ಹಾದಿ ಎರಡೂ ಕಡೆಗೆ ತೆರೆದಿರುತ್ತದೆ.

ಬೆತ್ಲೆಹೇಮಿನ ಅಜ್ಜಿ, ರೋಮಿನ ಮೊಮ್ಮಗಳು

ಜೆರೋಮರ ಜೊತೆ ಬೆತ್ಲೆಹೇಮಿನಲ್ಲಿ ನೆಲೆಸಿದವರಲ್ಲಿ ರೋಮಿನ ಸಿರಿವಂತ ಮನೆತನದ ವಿಧವೆ ಸಂತ ಪೌಲಾ ಮುಖ್ಯರು. ಪವಿತ್ರಗ್ರಂಥವನ್ನು ಮೂಲದಲ್ಲೇ ಓದಬೇಕೆಂಬ ಹಂಬಲದಿಂದ ಅವರೂ ಹೀಬ್ರೂ ಕಲಿತರು. 404ರಲ್ಲಿ ಅವರು ತೀರಿಕೊಂಡಾಗ ಜೆರೋಮರು ಅವರ ಮಗಳು ಯೂಸ್ತೋಕಿಯಳಿಗೆ ಸಾಂತ್ವನದ ದೀರ್ಘ ಪತ್ರ ಬರೆದರು. ಪೌಲಾ ಕೀರ್ತನೆಗಳನ್ನು ಹೀಬ್ರೂವಿನಲ್ಲೇ ಹಾಡುತ್ತಿದ್ದರು, ಅವರ ಉಚ್ಚಾರಣೆಯಲ್ಲಿ ಲತೀನಿನ ಸುಳಿವೇ ಇರಲಿಲ್ಲ ಎಂದು ಅದರಲ್ಲಿ ಮೆಚ್ಚಿ ನೆನೆದಿದ್ದಾರೆ. ಗುರುವಿಗೆ ದಕ್ಕದ ಉಚ್ಚಾರಣೆ ಶಿಷ್ಯೆಗೆ ದಕ್ಕಿತ್ತು! ಮೊದಲ ಭಾಷೆಯ ಮುದ್ರೆ ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಕಿವಿಗೊಟ್ಟು ಕೇಳುವವರು, ದಿನದಿನವೂ ಹಾಡಿ ಪ್ರಾರ್ಥಿಸುವವರು ಅದನ್ನು ಮೀರಬಲ್ಲರು.

ಪೌಲಾಳ ಸೊಸೆ ಲೇತಾ ರೋಮಿನಲ್ಲಿದ್ದಳು. ಅವಳ ಪುಟ್ಟ ಮಗಳಿಗೆ ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಮಗುವನ್ನು ಹೇಗೆ ಬೆಳೆಸಬೇಕೆಂದು ತಾಯಿ ಕೇಳಿದಾಗ, ಸುಮಾರು 400ರ ಆಸುಪಾಸಿನಲ್ಲಿ, ಜೆರೋಮರು ಬರೆದ ಪತ್ರ ಇಂದಿಗೂ ಉಳಿದಿದೆ. ಮರದಿಂದಲೋ ದಂತದಿಂದಲೋ ಅಕ್ಷರಗಳನ್ನು ಮಾಡಿಸಿ ಆಟವಾಡಲು ಕೊಡಿ. ಕಲಿಯಲು ತಡವಾದರೆ ಬೈಯಬೇಡಿ, ಮೆಚ್ಚಿ ಹುರಿದುಂಬಿಸಿ. ಮುದ್ದಿಗೆಂದು ಪದಗಳನ್ನು ಅರ್ಧಂಬರ್ಧ ಆಡುವ ಅಭ್ಯಾಸ ಬೇಡ ಎಂದೆಲ್ಲ ಅವರು ಹೇಳುತ್ತಾರೆ. ಭಾಷೆಯ ವಿಷಯಕ್ಕೆ ಬಂದಾಗ, ಗ್ರೀಕ್ ಪದ್ಯಗಳನ್ನು ಕಲಿಸಿ, ಆದರೆ ಅದರ ಬೆನ್ನಿಗೇ ಲತೀನನ್ನೂ ಕಲಿಸಿ ಎನ್ನುತ್ತಾರೆ. ಎಳೆಯ ಬಾಯಿಯನ್ನು ಮೊದಲಿನಿಂದಲೇ ತಿದ್ದದಿದ್ದರೆ ಪರಭಾಷೆಯ ಧಾಟಿ ಅಂಟಿಕೊಂಡು ತಾಯ್ನುಡಿಯೇ ಕೆಡುತ್ತದೆಂಬುದು ಅವರ ಎಚ್ಚರಿಕೆ. ಅಂದು ರೋಮಿನ ದೊಡ್ಡ ಮನೆಗಳಲ್ಲಿ ಗ್ರೀಕಿಗೆ ಇದ್ದ ಗೌರವ ಇಂದು ನಮ್ಮಲ್ಲಿ ಇಂಗ್ಲಿಷಿಗೆ ಇರುವಂಥದೇ. ಜೆರೋಮರು ಗ್ರೀಕ್ ಬೇಡವೆನ್ನಲಿಲ್ಲ. ಅದಕ್ಕಾಗಿ ಮನೆಮಾತನ್ನು ಬಲಿಗೊಡಬೇಡಿ ಎಂದರು.

ಗೋವೆಗೆ ಬಂದ ಇಂಗ್ಲಿಷ್ ಗುರು

ಈಗ ಸಾವಿರದ ಇನ್ನೂರು ವರ್ಷ ದಾಟಿ ನಮ್ಮ ಕರಾವಳಿಯ ಹತ್ತಿರಕ್ಕೆ ಬರೋಣ. ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಅವರು 1579ರ ಅಕ್ಟೋಬರ್‌ನಲ್ಲಿ ಗೋವೆಗೆ ಬಂದಿಳಿದರು. ಮಾತೃಭಾಷೆ ಇಂಗ್ಲಿಷ್, ಓದಿದ್ದು ಲತೀನ್, ಗೋವೆಯ ವ್ಯವಹಾರಕ್ಕೆ ಪೋರ್ಚುಗೀಸ್. ಈ ಮೂರರ ಮೇಲೆ ಅವರು ಕೊಂಕಣಿಯನ್ನೂ ಮರಾಠಿಯನ್ನೂ ಕಲಿತರು. 1583ರಲ್ಲಿ ತಮ್ಮ ಸಹೋದರನಿಗೆ ಬರೆದ ಪತ್ರದಲ್ಲಿ, ಇಲ್ಲಿನ ಭಾಷೆಗಳ ರಚನೆ ಗ್ರೀಕ್ ಮತ್ತು ಲತೀನ್ ಭಾಷೆಗಳ ರಚನೆಯನ್ನು ಹೋಲುತ್ತದೆ ಎಂದು ಅವರು ಗುರುತಿಸಿದರು. ಸಂಸ್ಕೃತ, ಗ್ರೀಕ್, ಲತೀನ್ ಒಂದೇ ಮೂಲದವು ಎಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಾರಿದ್ದು 1786ರಲ್ಲಿ. ಅದಕ್ಕೆ ಇನ್ನೂರು ವರ್ಷ ಮೊದಲೇ ಒಬ್ಬ ಗುರುವಿಗೆ ಅದು ಹೊಳೆದಿತ್ತು. ಹೊಳೆದದ್ದೇಕೆ? ಲತೀನ್ ಬಲ್ಲವರಾದ್ದರಿಂದ! ಕೊಂಕಣಿಯಲ್ಲಿಯೂ ಮೂರು ಲಿಂಗಗಳು, ನಾಮಪದಕ್ಕೆ ವಿಭಕ್ತಿಗಳು, ಲಿಂಗಕ್ಕೆ ತಕ್ಕಂತೆ ಬದಲಾಗುವ ವಿಶೇಷಣಗಳು. ಇಂಗ್ಲಿಷ್ ಒಂದನ್ನೇ ಬಲ್ಲವನಿಗೆ ಇವು ಒಗಟಾಗುತ್ತಿದ್ದವು. ಲತೀನ್ ಓದಿದವರಿಗೆ ಪರಿಚಿತ ಮುಖಗಳಂತೆ ಕಂಡವು.

ಆದರೆ ಧ್ವನಿಯ ವಿಷಯದಲ್ಲಿ ಲತೀನ್ ಕೈಕೊಟ್ಟಿತು. ಟ, ಡ, ಣ, ಳ ಎಂಬ ಶಬ್ದಗಳಿಗೆ ರೋಮನ್ ಲಿಪಿಯಲ್ಲಿ ಅಕ್ಷರವೇ ಇಲ್ಲ. ಅದಕ್ಕೆ ಗೋವೆಯ ಗುರುಗಳು ಅಕ್ಷರವನ್ನು ಎರಡು ಸಲ ಬರೆಯುವ ಉಪಾಯ ಮಾಡಿದರು. ಪುರಾಣ ಎಂಬಲ್ಲಿನ ‘ಣ’ಕ್ಕೆ ಎರಡು ‘ಎನ್’. ರೋಮನ್ ಲಿಪಿಯಲ್ಲಿ ಕೊಂಕಣಿ ಬರೆಯುವವರು ಇಂದಿಗೂ ಆ ರೂಢಿಯನ್ನು ಉಳಿಸಿಕೊಂಡಿದ್ದಾರೆ.

ಸ್ಟೀಫನ್ಸರ ‘ಕ್ರಿಸ್ತಪುರಾಣ’ 1616ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾಯಿತು. ಸುಮಾರು 11,000 ಓವಿಗಳಲ್ಲಿ, ಕೊಂಕಣಿ ಬೆರೆತ ಮರಾಠಿಯಲ್ಲಿ ರಕ್ಷಣೆಯ ಚರಿತ್ರೆಯನ್ನು ಹೇಳುವ ಗ್ರಂಥವದು. ಅವರು 1619ರಲ್ಲಿ ತೀರಿಕೊಂಡರು. ಅವರ ಕೊಂಕಣಿ ವ್ಯಾಕರಣ 1640ರಲ್ಲಿ ಪ್ರಕಟವಾಯಿತು. ಭಾರತೀಯ ಭಾಷೆಗಳಿಗೆ ಅಚ್ಚಾದ ಅತಿ ಹಳೆಯ ವ್ಯಾಕರಣಗಳಲ್ಲಿ ಅದೂ ಒಂದು. ಅವರು ಲತೀನ್ ವ್ಯಾಕರಣದ ಚೌಕಟ್ಟಿನಲ್ಲೇ ಕೊಂಕಣಿಯನ್ನು ಕೂರಿಸಿದರು. ಅವರಿಗೆ ಗೊತ್ತಿದ್ದ ಚೌಕಟ್ಟು ಅದೇ. ಕ್ರಿಸ್ತಪುರಾಣದ ಮೊದಲ ಮುದ್ರಣಗಳ ಪ್ರತಿಗಳು ಉಳಿಯಲಿಲ್ಲ. ಉಳಿದಿದ್ದ ಕೈಬರಹದ ಪ್ರತಿಗಳ ಆಧಾರದಿಂದ 1907ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿದ್ದು ನಮ್ಮ ಮಂಗಳೂರಿನಲ್ಲಿ. ಸಂಪಾದಿಸಿದವರು ಜೋಸೆಫ್ ಎಲ್. ಸಲ್ಡಾನ್ಹಾ.

ಅದೇ ಮಂಗಳೂರಿಗೆ 1878ರ ಕೊನೆಯ ದಿನ ಇಟಲಿಯ ಯೇಸುಸಭೆಯ ಗುರುಗಳು ಬಂದರು. ಅವರ ಪೈಕಿ ಆಂಜೆಲೋ ಮಫೇಯಿ ಅವರು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ, 1883ರಲ್ಲಿ ನಿಘಂಟನ್ನೂ ಹೊರತಂದರು. ಇಟಲಿಯವರೊಬ್ಬರು ಇಂಗ್ಲಿಷಿನಲ್ಲಿ ಬರೆದ ಕೊಂಕಣಿ ವ್ಯಾಕರಣವನ್ನು ಅಚ್ಚು ಹಾಕಿದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಮುದ್ರಣಾಲಯ! ಭಾಷೆಯ ಸೇವೆಯಲ್ಲಿ ಬೇಲಿಗಳು ಕಿರಿದಾದವು.

ನಮ್ಮ ಧರ್ಮಕೇಂದ್ರಗಳಲ್ಲಿ

ನಮ್ಮ ಸುತ್ತಲೇ ನೋಡಿದರೂ ಇದೇ ಪಾಠ. ತಮಿಳು ಮನೆಮಾತಿನವರು ಕನ್ನಡವನ್ನು ಬೇಗ ಹಿಡಿಯುತ್ತಾರೆ. ವಾಕ್ಯದ ಕ್ರಮ ಒಂದೇ, ಕ್ರಿಯಾಪದ ಕೊನೆಗೇ ಬರುತ್ತದೆ. ಪದಗಳ ಬೇರುಗಳೂ ಒಂದೇ. ಹಳಗನ್ನಡದ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು. ತಮಿಳಿನಲ್ಲಿ ಹಾಗೇ ಉಳಿಯಿತು. ಪಾಲ್–ಹಾಲು, ಪುಲಿ–ಹುಲಿ, ಪಲ್–ಹಲ್ಲು, ಪತ್ತು–ಹತ್ತು. ಈ ಒಂದು ಗುಟ್ಟು ತಿಳಿದರೆ ಹತ್ತಾರು ಪದಗಳು ಒಮ್ಮೆಗೇ ಕೈಸೇರುತ್ತವೆ. ಆದರೆ ತಮಿಳು ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ಹಾಗಾಗಿ ‘ಗೋಪಾಲ’ ಒಮ್ಮೊಮ್ಮೆ ‘ಕೋಪಾಲ’ ಆಗುವುದುಂಟು.

ನೆಂಟರಂತೆ ಕಂಡು ಮೋಸ ಮಾಡುವ ಪದಗಳೂ ಇವೆ. ಹಿಂದಿಯ ‘ಶಿಕ್ಷಾ’ ಎಂದರೆ ವಿದ್ಯೆ, ನಮ್ಮ ‘ಶಿಕ್ಷೆ’ ಎಂದರೆ ದಂಡನೆ. ಹಿಂದಿಯ ‘ಉಪನ್ಯಾಸ್’ ಕಾದಂಬರಿ, ನಮ್ಮ ‘ಉಪನ್ಯಾಸ’ ಭಾಷಣ. ಕೊಂಕಣಿಯ ‘ಉತರ್’ ಎಂದರೆ ಮಾತು, ಕನ್ನಡದ ‘ಉತ್ತರ’ವಲ್ಲ. ಇನ್ನು ‘ಬಸ್ಸು’, ‘ಕಾರು’, ‘ಬೆಂಚು’ ಎಂದು ಪರಭಾಷೆಯ ಪದಕ್ಕೂ ಕೊನೆಯಲ್ಲಿ ಸ್ವರ ಸೇರಿಸಿಯೇ ನಮ್ಮ ನಾಲಿಗೆಗೆ ಸಮಾಧಾನ.

ಒಂದು ಭಾಷೆಯ ರೂಢಿ ಇನ್ನೊಂದರಲ್ಲಿ ನುಸುಳುವ ಈ ಬಗೆಯನ್ನು ಯುರಿಯಲ್ ವೈನ್‌ರೈಕ್ ಎಂಬ ವಿದ್ವಾಂಸರು 1953ರಲ್ಲಿ ವಿಸ್ತಾರವಾಗಿ ವಿವರಿಸಿದರು. 1979ರಲ್ಲಿ ಕೆನಡಾದ ಜಿಮ್ ಕಮ್ಮಿನ್ಸ್ ಇನ್ನೊಂದು ಮುಖ್ಯ ವಿಚಾರವನ್ನು ಮುಂದಿಟ್ಟರು: ಮನೆಮಾತಿನಲ್ಲಿ ಮಗು ಪಡೆದ ಓದು, ಯೋಚನೆ, ವಿವರಣೆಯ ಶಕ್ತಿ ಅಲ್ಲಿಗೇ ನಿಲ್ಲುವುದಿಲ್ಲ, ಎರಡನೆಯ ಭಾಷೆಗೂ ಸಾಗಿಬರುತ್ತದೆ. ಕಥೆಯ ಹಿಂದುಮುಂದನ್ನು ಕನ್ನಡದಲ್ಲಿ ಅರಿತ ಮಗು ಅದನ್ನು ಇಂಗ್ಲಿಷಿಗಾಗಿ ಹೊಸದಾಗಿ ಅರಿಯಬೇಕಿಲ್ಲ, ಪದಗಳನ್ನಷ್ಟೇ ಕಲಿತರೆ ಸಾಕು. ಮನೆಮಾತನ್ನು ಕಿತ್ತುಹಾಕುವುದು ಎಂದರೆ ಮಹಡಿ ಕಟ್ಟಲೆಂದು ಅಡಿಪಾಯದ ಕಲ್ಲನ್ನು ಎಬ್ಬಿಸಿದಂತೆ.

ಇದರಲ್ಲಿ ಇನ್ನೊಂದು ನಷ್ಟವೂ ಇದೆ. ಅಜ್ಜಿಗೆ ಗೊತ್ತಿರುವ ಜಪಸರ ಮೊಮ್ಮಗುವಿಗೆ ತಿಳಿಯದು. ಮೊಮ್ಮಗು ಶಾಲೆಯಲ್ಲಿ ಕಲಿತ ಪ್ರಾರ್ಥನೆ ಅಜ್ಜಿಗೆ ತಿಳಿಯದು. ಸಂಜೆ ಒಂದೇ ಪೀಠದ ಮುಂದೆ ಮೊಣಕಾಲೂರಿದರೂ ಒಬ್ಬರ ದನಿಗೆ ಇನ್ನೊಬ್ಬರು ದನಿಗೂಡಿಸಲಾರರು. ಪುಟ್ಟ ಪೌಲಾಳಿಗೆ ಎರಡು ಭಾಷೆ ಬೇಕೆಂದು ಜೆರೋಮರು ಬರೆದಾಗ ಅವಳ ಅಜ್ಜಿ ದೂರದ ಬೆತ್ಲೆಹೇಮಿನಲ್ಲಿದ್ದರು. ನಮ್ಮ ಅಜ್ಜಿಯರು ಪಕ್ಕದ ಕೋಣೆಯಲ್ಲೇ ಇದ್ದಾರೆ.

ಆದ್ದರಿಂದ ಪ್ರಿಯ ತಂದೆತಾಯಂದಿರೇ, ಮಕ್ಕಳು ಇಂಗ್ಲಿಷ್ ಕಲಿಯಲಿ, ಹಿಂದಿಯನ್ನೂ ಕಲಿಯಲಿ. ಮನೆಯಲ್ಲಿ ಮಾತ್ರ ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಮಾತನಾಡಿ, ಕಥೆ ಹೇಳಿ, ಪ್ರಾರ್ಥಿಸಿ. ಮಗು ಎರಡು ಭಾಷೆಗಳನ್ನು ಕಲಸಿ ಆಡಿದರೆ ಗದರಬೇಡಿ. ಕಲಿಯುತ್ತಿರುವ ಮನಸ್ಸಿನ ಗುರುತು ಅದು. ದೇವಾಲಯದಲ್ಲಿ ಬೇರೆ ಮನೆಮಾತಿನವರು ಕನ್ನಡದ ವಾಚನ ಓದುವಾಗ ಉಚ್ಚಾರಣೆ ತುಸು ಬೇರೆಯಾದರೆ ನಗಬೇಡಿ.

ಅಂಗಳದಲ್ಲಿ ಪೇತ್ರನನ್ನು ಹಿಡಿದುಕೊಟ್ಟದ್ದು ಅವನ ಗಲಿಲೇಯದ ಧಾಟಿ. ಏಳು ವಾರ ಕಳೆದು ಪಂಚಾಶತ್ತಮ ಹಬ್ಬದ ದಿನ ಅವನು ಅದೇ ಜೆರುಸಲೇಮಿನಲ್ಲಿ ಎದ್ದುನಿಂತು ಗಟ್ಟಿಯಾಗಿ ಮಾತನಾಡಿದ. ಮಾತನಾಡುತ್ತಿರುವವರು ಗಲಿಲೇಯದವರೆಂದು ಜನ ಆಗಲೂ ಗುರುತಿಸಿದರು. ಆದರೆ ಪವಿತ್ರಾತ್ಮರ ಬಲ ಪಡೆದ ಪೇತ್ರನಿಗೆ ತಾನು ಎಲ್ಲಿಯವನೆಂಬುದನ್ನು ಅಡಗಿಸುವ ಅಗತ್ಯ ಅಂದು ಇರಲಿಲ್ಲ.