ರಿಷಭ್ ಪಂತ್ ಅವರ ಮೊಣಕಾಲಿನ ಗಾಯ ಮತ್ತು ಚೇತರಿಕೆ

ಭಾರತ ಕ್ರಿಕೆಟ್ ತಂಡದ ವಿಕೆಟ್‌ಕೀಪರ್ ಹಾಗೂ ಬ್ಯಾಟರ್ ರಿಷಭ್ ಪಂತ್ ಅವರು 2022ರ ಡಿಸೆಂಬರ್ 30ರಂದು ನಡೆದ ರಸ್ತೆ ಅಪಘಾತದಲ್ಲಿ ಬಲ ಮೊಣಕಾಲಿಗೆ ತೀವ್ರವಾಗಿ ಗಾಯಗೊಂಡರು. ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆಯಾದ ನಂತರ ಅವರ ಪುನಶ್ಚೇತನವು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ನಡೆಯಿತು. ಸುಮಾರು 14 ತಿಂಗಳುಗಳ ಬಳಿಕ, 2024ರ ಮಾರ್ಚ್‌ನಲ್ಲಿ ಅವರು ಸ್ಪರ್ಧಾತ್ಮಕ ಕ್ರಿಕೆಟ್‌ಗೆ ಮರಳಿದರು. ಆಟದ ಪ್ರತಿ ಎಸೆತಕ್ಕೂ ಕುಕ್ಕರಗಾಲಿನಲ್ಲಿ ಕುಳಿತು ಏಳಬೇಕಾದ ವಿಕೆಟ್‌ಕೀಪರ್ ಒಬ್ಬರು ಇಂತಹ ಗಾಯದಿಂದ ಚೇತರಿಸಿಕೊಂಡು ಅದೇ ಹೊಣೆಗೆ ಮರಳಿದ ಕಾರಣ ಈ ಪ್ರಕರಣವು ಕ್ರೀಡಾ ವೈದ್ಯಶಾಸ್ತ್ರದಲ್ಲಿಯೂ ಗಮನ ಸೆಳೆದಿದೆ.

ಅಪಘಾತ

ಪಂತ್ ಅವರು 2022ರ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ಮೀರ್‌ಪುರದಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ 93 ರನ್ ಗಳಿಸಿ ಸ್ವದೇಶಕ್ಕೆ ಹಿಂದಿರುಗಿದ್ದರು. ದೆಹಲಿಯಿಂದ ಉತ್ತರಾಖಂಡದ ರೂರ್ಕಿಗೆ ಸ್ವತಃ ಕಾರು ಚಲಾಯಿಸಿಕೊಂಡು ಹೋಗುತ್ತಿದ್ದಾಗ, ಬೆಳಗಿನ ಜಾವ ರೂರ್ಕಿಯ ಸಮೀಪ ಕಾರು ರಸ್ತೆ ವಿಭಜಕಕ್ಕೆ ಬಡಿದು ಹೊತ್ತಿ ಉರಿಯಿತು. ಆ ಮಾರ್ಗದಲ್ಲಿದ್ದ ಹರಿಯಾಣ ಸಾರಿಗೆ ಸಂಸ್ಥೆಯ ಬಸ್ಸಿನ ಚಾಲಕ ಮತ್ತು ನಿರ್ವಾಹಕರು ಅವರ ನೆರವಿಗೆ ಧಾವಿಸಿದರು. ಆಗ ಪಂತ್ ಅವರ ವಯಸ್ಸು 25. ಹಣೆಯ ಮೇಲೆ ಎರಡು ಸೀಳುಗಾಯಗಳು, ಬಲ ಮೊಣಕಾಲಿನ ಅಸ್ಥಿರಜ್ಜುವಿನ ಹರಿತ, ಬಲ ಮಣಿಕಟ್ಟು, ಪಾದದ ಕೀಲು ಹಾಗೂ ಕಾಲ್ಬೆರಳಿಗೆ ಪೆಟ್ಟು ಮತ್ತು ಬೆನ್ನಿನ ಮೇಲೆ ತರಚುಗಾಯಗಳಾಗಿವೆ ಎಂದು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು ಪ್ರಕಟಿಸಿತು.

ಗಾಯದ ಸ್ವರೂಪ ಮತ್ತು ಶಸ್ತ್ರಚಿಕಿತ್ಸೆ

ತೊಡೆಯ ಮೂಳೆ ಮತ್ತು ಕಣಕಾಲಿನ ಮೂಳೆಗಳನ್ನು ಮೊಣಕಾಲಿನಲ್ಲಿ ನಾಲ್ಕು ಮುಖ್ಯ ಅಸ್ಥಿರಜ್ಜುಗಳು, ಅಂದರೆ ಲಿಗಮೆಂಟ್‌ಗಳು, ಹಿಡಿದಿಡುತ್ತವೆ. ಕೀಲಿನ ಒಳಗೆ ಒಂದನ್ನೊಂದು ಹಾಯ್ದುಹೋಗುವ ಎರಡು ರಜ್ಜುಗಳು ಮೂಳೆಗಳು ಹಿಂದೆ ಮುಂದೆ ಜಾರದಂತೆ ತಡೆಯುತ್ತವೆ. ಎರಡು ಬದಿಯ ರಜ್ಜುಗಳು ಕೀಲು ಪಕ್ಕಕ್ಕೆ ವಾಲದಂತೆ ಕಾಯುತ್ತವೆ. ಕ್ರೀಡಾಪಟುಗಳಲ್ಲಿ ಸಾಮಾನ್ಯವಾಗಿ ಇವುಗಳಲ್ಲಿ ಒಂದು ಹರಿಯುವುದುಂಟು. ಪಂತ್ ಅವರ ಮೊಣಕಾಲಿನ ಕೀಲೇ ತಪ್ಪಿದ್ದರಿಂದ ಒಂದಕ್ಕಿಂತ ಹೆಚ್ಚು ರಜ್ಜುಗಳಿಗೆ ಹಾನಿಯಾಗಿತ್ತು. ಮೊಣಕಾಲಿನ ಹಿಂಬದಿಯಲ್ಲಿ ಕಾಲಿಗೆ ರಕ್ತ ಒಯ್ಯುವ ಪ್ರಧಾನ ಅಪಧಮನಿಯೂ ನರಗಳೂ ಹಾದುಹೋಗುವುದರಿಂದ, ಕೀಲು ತಪ್ಪಿದಾಗ ಅವುಗಳಿಗೂ ಅಪಾಯವಿರುತ್ತದೆ. ನರಗಳಿಗೆ ಹಾನಿಯಾಗಿದ್ದರೆ ಕಾಲನ್ನೇ ಕಳೆದುಕೊಳ್ಳುವ ಸಾಧ್ಯತೆಯಿತ್ತೆಂಬ ಭಯ ತಮ್ಮನ್ನು ಕಾಡಿತ್ತು ಎಂದು ಪಂತ್ ಅವರು ನಂತರ ಹೇಳಿಕೊಂಡಿದ್ದಾರೆ.

ಡೆಹ್ರಾಡೂನ್‌ನಲ್ಲಿ ಆರಂಭಿಕ ಚಿಕಿತ್ಸೆ ಪಡೆದ ಅವರನ್ನು 2023ರ ಜನವರಿ 4ರಂದು ವಿಮಾನದ ಮೂಲಕ ಮುಂಬಯಿಯ ಕೋಕಿಲಾಬೆನ್ ಧೀರೂಭಾಯಿ ಅಂಬಾನಿ ಆಸ್ಪತ್ರೆಗೆ ಸಾಗಿಸಲಾಯಿತು. ಅಲ್ಲಿ ಕ್ರೀಡಾ ವೈದ್ಯಶಾಸ್ತ್ರ ವಿಭಾಗದ ಡಾ. ದಿನ್‌ಶಾ ಪರ್ದೀವಾಲಾ ಅವರ ನೇತೃತ್ವದಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ನಡೆಯಿತು. ಮತ್ತೆ ಆಡಲು 16ರಿಂದ 18 ತಿಂಗಳುಗಳು ಬೇಕಾಗಬಹುದೆಂದು ವೈದ್ಯರು ಅಂದಾಜಿಸಿದ್ದರು.

ಬೆಂಗಳೂರಿನಲ್ಲಿ ಪುನಶ್ಚೇತನ

ಪುನರ್ರಚಿಸಿದ ಅಸ್ಥಿರಜ್ಜು ಶಸ್ತ್ರಚಿಕಿತ್ಸೆಯ ಮರುದಿನವೇ ಬಲ ಪಡೆಯುವುದಿಲ್ಲ. ಕಸಿ ಮಾಡಿದ ಅಂಗಾಂಶವು ಮೂಳೆಯೊಂದಿಗೆ ಬೆಸೆದು, ರಕ್ತನಾಳಗಳನ್ನು ಪಡೆದು, ನಿಧಾನವಾಗಿ ರಜ್ಜುವಿನ ಗುಣವನ್ನು ಹೊಂದಲು ಹಲವು ತಿಂಗಳುಗಳು ಹಿಡಿಯುತ್ತವೆ. ಈ ಅವಧಿಯಲ್ಲಿ ಬಳಕೆಯಿಲ್ಲದೆ ತೊಡೆಯ ಸ್ನಾಯುಗಳು ಸೊರಗುತ್ತವೆ. ಆದುದರಿಂದ ಬಾವು ಇಳಿಸುವುದು, ಕಾಲನ್ನು ಪೂರ್ಣವಾಗಿ ನೀಡಿ ಮಡಚುವುದು, ಸ್ನಾಯುಬಲ, ಸಮತೋಲನ, ಓಟ ಮತ್ತು ಕೊನೆಗೆ ಆಟದ ಕೌಶಲಗಳು ಎಂಬ ಕ್ರಮದಲ್ಲಿ ಪುನಶ್ಚೇತನವನ್ನು ನಡೆಸಲಾಗುತ್ತದೆ. ಒಂದು ಹಂತದ ಗುರಿಯನ್ನು ತಲುಪಿದ ಮೇಲೆಯೇ ಮುಂದಿನ ಹಂತಕ್ಕೆ ಹೋಗುವುದು ಇದರ ಮೂಲ ನಿಯಮ.

2023ರ ಫೆಬ್ರವರಿಯಲ್ಲಿ ಊರುಗೋಲುಗಳ ನೆರವಿನಿಂದ ಹೆಜ್ಜೆ ಇಡುತ್ತಿದ್ದ ಪಂತ್, ಮೇ ತಿಂಗಳಲ್ಲಿ ಅವುಗಳನ್ನು ತ್ಯಜಿಸಿದರು. ಜೂನ್‌ನಲ್ಲಿ ಆಸರೆಯಿಲ್ಲದೆ ಮೆಟ್ಟಿಲು ಹತ್ತತೊಡಗಿದರು. ಅವರು ನೆಟ್ಸ್‌ನಲ್ಲಿ ಬ್ಯಾಟಿಂಗ್ ಮತ್ತು ಕೀಪಿಂಗ್ ಎರಡನ್ನೂ ಆರಂಭಿಸಿದ್ದಾರೆಂದು ಮಂಡಳಿಯು ಜುಲೈ 21ರಂದು ತಿಳಿಸಿತು. 2024ರ ಜನವರಿಯಲ್ಲಿ ಭಾರತ ತಂಡವು ಅಫ್ಘಾನಿಸ್ತಾನದ ವಿರುದ್ಧದ ಪಂದ್ಯಕ್ಕಾಗಿ ಬೆಂಗಳೂರಿಗೆ ಬಂದಾಗ ಅವರು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಹ ಆಟಗಾರರನ್ನು ಭೇಟಿಯಾಗಿ ಅಭ್ಯಾಸ ನಡೆಸಿದರು.

ಇದೇ ಅವಧಿಯಲ್ಲಿ ಮಂಗಳೂರಿನಲ್ಲಿ ಬೆಳೆದ ಕರ್ನಾಟಕದ ಕೆ. ಎಲ್. ರಾಹುಲ್ ಅವರೂ ಇದೇ ಅಕಾಡೆಮಿಯಲ್ಲಿ ಪುನಶ್ಚೇತನ ಪಡೆಯುತ್ತಿದ್ದರು. 2023ರ ಮೇ 1ರಂದು ಲಕ್ನೋದಲ್ಲಿ ಕ್ಷೇತ್ರರಕ್ಷಣೆ ಮಾಡುವಾಗ ಅವರ ಬಲ ತೊಡೆಗೆ ಗಾಯವಾಗಿ ಶಸ್ತ್ರಚಿಕಿತ್ಸೆ ನಡೆದಿತ್ತು. ಪಂತ್ ಗೈರುಹಾಜರಾದ 2023ರ ಏಕದಿನ ವಿಶ್ವಕಪ್‌ನಲ್ಲಿ ರಾಹುಲ್ ಅವರೇ ವಿಕೆಟ್‌ಕೀಪರ್ ಆಗಿ 452 ರನ್ ಗಳಿಸಿದರು.

ಮರಳುವಿಕೆ

2024ರ ಮಾರ್ಚ್ 12ರಂದು ಮಂಡಳಿಯು ಪಂತ್ ಅವರನ್ನು ವಿಕೆಟ್‌ಕೀಪರ್-ಬ್ಯಾಟರ್ ಆಗಿ ಆಡಲು ಅರ್ಹರೆಂದು ಘೋಷಿಸಿತು. ಮಾರ್ಚ್ 23ರಂದು ಪಂಜಾಬ್‌ನ ಮುಲ್ಲನಪುರದಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ತಂಡದ ನಾಯಕರಾಗಿ ಅವರು ಕಣಕ್ಕಿಳಿದು 18 ರನ್ ಗಳಿಸಿದರು. ಆ ಐಪಿಎಲ್ ಋತುವಿನಲ್ಲಿ 446 ರನ್ ಗಳಿಸಿ, ಜೂನ್ 29ರಂದು ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ಸದಸ್ಯರಾದರು. ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ಬಾಂಗ್ಲಾದೇಶದ ವಿರುದ್ಧ ಟೆಸ್ಟ್ ಕ್ರಿಕೆಟ್‌ಗೆ ಮರಳಿ 109 ರನ್ ಗಳಿಸಿದರು. ಇದು ಅವರ ಆರನೆಯ ಟೆಸ್ಟ್ ಶತಕವಾಗಿದ್ದು, ಭಾರತೀಯ ವಿಕೆಟ್‌ಕೀಪರ್‌ಗಳಲ್ಲಿ ಮಹೇಂದ್ರ ಸಿಂಗ್ ಧೋನಿಯವರ ಶತಕಗಳ ಸಂಖ್ಯೆಯನ್ನು ಸರಿಗಟ್ಟಿತು.

ಅದೇ ಮೊಣಕಾಲಿಗೆ ಮತ್ತೆ ಪೆಟ್ಟು

2024ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ವಿರುದ್ಧ ನಡೆದ ಟೆಸ್ಟ್ ಪಂದ್ಯದ ಎರಡನೆಯ ದಿನ, ರವೀಂದ್ರ ಜಡೇಜಾ ಅವರ ಎಸೆತವೊಂದು ಕೀಪಿಂಗ್ ಮಾಡುತ್ತಿದ್ದ ಪಂತ್ ಅವರ ಬಲ ಮೊಣಕಾಲಿಗೆ ಬಡಿಯಿತು. ಶಸ್ತ್ರಚಿಕಿತ್ಸೆಯಾಗಿದ್ದ ಕಾಲೇ ಊದಿಕೊಂಡದ್ದರಿಂದ ಅವರು ಮೈದಾನ ತೊರೆದರು. ಧ್ರುವ್ ಜುರೆಲ್ ಅವರ ಬದಲು ಕೀಪಿಂಗ್ ಮಾಡಿದರು. ನಾಲ್ಕನೆಯ ದಿನ ಬ್ಯಾಟಿಂಗ್‌ಗೆ ಬಂದ ಪಂತ್, ಸರ್ಫರಾಜ್ ಖಾನ್ ಅವರೊಂದಿಗೆ 177 ರನ್‌ಗಳ ಜೊತೆಯಾಟ ನಡೆಸಿ, 105 ಎಸೆತಗಳಲ್ಲಿ 99 ರನ್ ಗಳಿಸಿ ಔಟಾದರು. ಪಂದ್ಯವನ್ನು ನ್ಯೂಜಿಲೆಂಡ್ 8 ವಿಕೆಟ್‌ಗಳಿಂದ ಗೆದ್ದಿತು. ಮುಂದಿನ ವಾರ ಪುಣೆಯ ಟೆಸ್ಟ್‌ನಲ್ಲಿ ಅವರು ಮತ್ತೆ ವಿಕೆಟ್‌ಕೀಪರ್ ಆಗಿ ಆಡಿದರು.

ಮಹತ್ವ

ಟೆಸ್ಟ್ ಪಂದ್ಯದ ಒಂದು ಪೂರ್ಣ ದಿನದಲ್ಲಿ 90 ಓವರ್‌ಗಳು ನಡೆದರೆ ವಿಕೆಟ್‌ಕೀಪರ್ ಕನಿಷ್ಠ 540 ಬಾರಿ ಮೊಣಕಾಲು ಮಡಚಿ ಏಳಬೇಕಾಗುತ್ತದೆ. ಬ್ಯಾಟಿಂಗ್‌ಗೆ ಸಾಕಾಗುವ ಚೇತರಿಕೆ ಈ ಕೆಲಸಕ್ಕೆ ಸಾಲದು. ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯವರು 2008ರ ಋತುವಿನ ಮೊದಲ ಪಂದ್ಯದಲ್ಲಿಯೇ ಎಡ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು, ಆ ಋತುವನ್ನು ಪೂರ್ಣವಾಗಿ ಕಳೆದುಕೊಂಡು 2009ರಲ್ಲಿ ಮರಳಿದ್ದರು. ಎರಡೂ ಪ್ರಕರಣಗಳಲ್ಲಿ ಆಟಗಾರರು ಮಹತ್ವದ ಪಂದ್ಯಗಳನ್ನು ಬಿಟ್ಟುಕೊಟ್ಟು ಕಾಲಿಗೆ ಬೇಕಾದಷ್ಟು ಸಮಯ ನೀಡಿದರು. ಬಾರ್ಡರ್-ಗವಾಸ್ಕರ್ ಟ್ರೋಫಿ, ಐಪಿಎಲ್, ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್‌ನ ಅಂತಿಮ ಪಂದ್ಯ ಮತ್ತು ಏಕದಿನ ವಿಶ್ವಕಪ್ ಇವೆಲ್ಲವೂ 2023ರಲ್ಲಿ ಪಂತ್ ಅವರಿಗೆ ತಪ್ಪಿಹೋದವು. 2025ರ ಜೂನ್‌ನಲ್ಲಿ ಲೀಡ್ಸ್ ಟೆಸ್ಟ್‌ನಲ್ಲಿ ಅವರು 134 ಮತ್ತು 118 ರನ್ ಗಳಿಸಿ, ಜಿಂಬಾಬ್ವೆಯ ಆಂಡಿ ಫ್ಲವರ್ ಅವರ ನಂತರ ಒಂದೇ ಟೆಸ್ಟ್‌ನ ಎರಡೂ ಇನ್ನಿಂಗ್ಸ್‌ಗಳಲ್ಲಿ ಶತಕ ಬಾರಿಸಿದ ಎರಡನೆಯ ವಿಕೆಟ್‌ಕೀಪರ್ ಎನಿಸಿದರು.