ರಾಜಧಾನಿಗಳ ಹೆದ್ದಾರಿ, ಶರಣರ ಹಾದಿ

ನಾಂದೇಡದಿಂದ ಹೊರಟು ಬೀದರ, ಹುಮನಾಬಾದ, ಕಲಬುರಗಿ, ವಿಜಯಪುರ, ಇಳಕಲ್ಲ, ಹೊಸಪೇಟೆಗಳನ್ನು ಹಾದು ಚಿತ್ರದುರ್ಗವನ್ನು ಸೇರುವ ಮಾರ್ಗಕ್ಕೆ ಇಂದು ರಾಷ್ಟ್ರೀಯ ಹೆದ್ದಾರಿ 50 ಎಂದು ಹೆಸರು. ಇದರಲ್ಲಿ ಪಯಣಿಸುವವರು ಹಳೆಯ ರಾಜಧಾನಿಗಳನ್ನು ಒಂದೊಂದಾಗಿ ಕಾಣುತ್ತಾರೆ. 1347ರಲ್ಲಿ ತಲೆಯೆತ್ತಿದ ಬಹಮನಿ ರಾಜ್ಯಕ್ಕೆ ಮೊದಲು ಕಲಬುರಗಿ, ಅನಂತರ ಬೀದರ ರಾಜಧಾನಿಯಾದವು. ಆ ರಾಜ್ಯವು ಒಡೆದಾಗ ವಿಜಯಪುರದಲ್ಲಿ ಆದಿಲಶಾಹಿಗಳು ನೆಲೆಯೂರಿದರು. ಹೊಸಪೇಟೆಯ ಮಗ್ಗುಲಲ್ಲಿ ಹಂಪೆಯಿದೆ. ಚಿತ್ರದುರ್ಗದಲ್ಲಿ ನಾಯಕರ ಏಳುಸುತ್ತಿನ ಕೋಟೆಯಿದೆ. ಇವುಗಳಲ್ಲಿ ಹಲವು ಒಮ್ಮೆ ಪರಸ್ಪರ ಹಗೆ ಸಾಧಿಸಿದವು. 1565ರ ರಕ್ಕಸ-ತಂಗಡಗಿಯ ಯುದ್ಧದ ತರುವಾಯ ಹಂಪೆ ಹಾಳಾಯಿತು. ದಂಡುಗಳು ತುಳಿದ ಆ ಸೀಮೆಯಲ್ಲಿ ಇಂದು ಬಸ್ಸುಗಳೂ ಲಾರಿಗಳೂ ಓಡುತ್ತಿವೆ.

ಆದರೆ ಈ ಅರಸುಮನೆತನಗಳು ಹುಟ್ಟುವುದಕ್ಕೂ ಮುನ್ನ, 12ನೆಯ ಶತಮಾನದಲ್ಲಿ, ಇದೇ ಸೀಮೆಯಲ್ಲಿ ಬೇರೊಂದು ಸಂಚಾರ ನಡೆದಿತ್ತು. ಬಳ್ಳಿಗಾವೆಯ ಅಲ್ಲಮಪ್ರಭುಗಳು, ಸೊನ್ನಲಿಗೆಯ ಸಿದ್ಧರಾಮರು, ಉಡುತಡಿಯ ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದರು. ಯಾವ ಅರಸನೂ ಅವರಿಗೆ ಓಲೆ ಕಳುಹಿರಲಿಲ್ಲ. ಅನುಭಾವದ ಹಸಿವೇ ಅವರನ್ನು ಕರೆತಂದಿತು. ಕಡೆಯಲ್ಲಿ ಬಸವಣ್ಣನವರು ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ಮರಳಿ ಐಕ್ಯರಾದರು. ಸಿಂಹಾಸನಗಳು ಅಳಿದವು, ಶರಣರ ನುಡಿ ಉಳಿಯಿತು.

ಹೆದ್ದಾರಿಯು ಈ ಎರಡು ಕ್ಷೇತ್ರಗಳನ್ನೂ ನೇರವಾಗಿ ಮುಟ್ಟುವುದಿಲ್ಲ. ಹುಮನಾಬಾದದಲ್ಲಿ ಪಶ್ಚಿಮಕ್ಕೆ ಹೊರಳಿದರೆ ಬಸವಕಲ್ಯಾಣ; ಕೃಷ್ಣೆಯನ್ನು ದಾಟಿ ಹುನಗುಂದಕ್ಕೆ ಮುನ್ನ ಹೊರಳಿದರೆ ಕೂಡಲಸಂಗಮ. ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ಬಾವಿಯಂತೆ ಕಟ್ಟಿದ ಗೋಡೆಯೊಳಗೆ ಐಕ್ಯಲಿಂಗವು ಸುರಕ್ಷಿತವಾಗಿದೆ. ವಾಹನದ ವೇಗದಲ್ಲಿ ಆ ತಿರುವುಗಳು ಕ್ಷಣಮಾತ್ರದಲ್ಲಿ ಹಿಂದೆ ಸರಿದುಹೋಗುತ್ತವೆ. ಮುಂದಿನ ಸಲ ಆ ಮಾರ್ಗದಲ್ಲಿ ಸಾಗುವ ಸದ್ಭಕ್ತರು ಅವಸರವನ್ನು ಬದಿಗಿರಿಸಿ, ಮಕ್ಕಳನ್ನೂ ಕರೆದುಕೊಂಡು ಒಮ್ಮೆ ಅತ್ತ ಹೊರಳಬೇಕು.