‘ಚಕ್ರ ಎಸೆತ’: ಹೆಸರು ತಪ್ಪಿಸುವ ದಾರಿ

ಜಗಳೂರು ಸೀಮೆಯ ಶಾಲಾ ಕ್ರೀಡಾಕೂಟದಲ್ಲಿ ಮೈಕಿನಿಂದ ‘ಚಕ್ರ ಎಸೆತ’ ಎಂದು ಕೂಗಿದಾಗ ಮಕ್ಕಳು ಕೈಗೆತ್ತಿಕೊಳ್ಳುವುದು ಕಬ್ಬಿಣದ ಅಂಚಿನ ಮರದ ತಟ್ಟೆಯನ್ನು, ಅಂದರೆ ಡಿಸ್ಕಸ್ಸನ್ನು. ಅದಕ್ಕೆ ಚಕ್ರವೆಂಬ ಹೆಸರಿರುವುದರಿಂದ ಆಟದ ಬೇರನ್ನು ವಿಷ್ಣುವಿನ ಸುದರ್ಶನದಲ್ಲಿ ಹುಡುಕುವುದು ಸುಲಭ. ಹೆಸರನ್ನು ನಂಬಿ ಮೂಲ ಅರಸಿದರೆ ಎಡವುವುದೆಲ್ಲಿ ಎಂಬುದು ಈ ಟಿಪ್ಪಣಿಯ ವಿಷಯ.

ಮೊದಲು ಹತ್ತಿರದ ಸಾಕ್ಷ್ಯ. ಇದೇ ಜಿಲ್ಲೆಯ ಹರಿಹರದಲ್ಲಿ, 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇಗುಲವಿದೆ. ಹರಿಹರ ಮೂರ್ತಿಯಲ್ಲಿ ಹರಿಯ ಭಾಗದ ಗುರುತೇ ಚಕ್ರ. ದಕ್ಷಿಣದ ಹಳೆಯ ವಿಷ್ಣುಮೂರ್ತಿಗಳಲ್ಲಿ ಚಕ್ರದ ಅಂಚು ನೋಡುವವರತ್ತ ತಿರುಗಿರುವುದುಂಟು. ಪ್ರತಿಮಾಶಾಸ್ತ್ರದಲ್ಲಿ ಇದಕ್ಕೆ ‘ಪ್ರಯೋಗಚಕ್ರ’ ಎಂದು ಹೆಸರು. ಎಸೆಯಲು ಸಿದ್ಧವಾದ ಭಂಗಿ ನಿಜ, ಆದರೆ ಅದು ಆಯುಧದ ಭಂಗಿ. ಸುದರ್ಶನ ಗುರಿ ಮುಟ್ಟಿ ಕೈಗೆ ಮರಳುತ್ತದೆ. ಡಿಸ್ಕಸ್‌ಗೆ ಗುರಿಯೇ ಇಲ್ಲ. ಅದು ಬಿದ್ದ ಜಾಗಕ್ಕೆ ಟೇಪು ಹಿಡಿಯುತ್ತಾರೆ.

ಗ್ರೀಕರ ‘ಡಿಸ್ಕೋಸ್’ ಪದದ ಬೇರು ಎಸೆಯುವ ಕ್ರಿಯೆಯಲ್ಲಿದೆ. ನಮ್ಮ ಪದ ಆಕಾರವನ್ನು ಹಿಡಿದಿದೆ. ಹೋಮರನ ‘ಇಲಿಯಡ್’ನ 23ನೇ ಸರ್ಗದಲ್ಲಿ ಪ್ಯಾಟ್ರೊಕ್ಲಸ್‌ನ ಅಂತ್ಯಕ್ರಿಯೆಯ ಆಟಗಳಲ್ಲಿ ವೀರರು ಎಸೆಯುವುದು ‘ಸೋಲೋಸ್’ ಎಂಬ ಕಬ್ಬಿಣದ ಮುದ್ದೆಯನ್ನು. ಎಸೆದು ಗೆದ್ದವನಿಗೆ ಆ ಮುದ್ದೆಯೇ ಬಹುಮಾನ: ಅವನ ಕುರಿ ಕಾಯುವವನಿಗಾಗಲಿ ಉಳುವವನಿಗಾಗಲಿ ಐದು ವರ್ಷ ಕಬ್ಬಿಣಕ್ಕೆಂದು ಪೇಟೆಗೆ ಹೋಗುವ ಕೆಲಸವಿಲ್ಲ. ಕುರಿ ಸಾಕಣೆ, ಮಳೆಯಾಶ್ರಿತ ಬೇಸಾಯ ಎರಡನ್ನೂ ಬಲ್ಲ ಜಗಳೂರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಸೋಲೋಸ್‌ಗೆ ನಂಟು ಕಾಣುವುದು ಸುದರ್ಶನದಲ್ಲಲ್ಲ, ಗರಡಿಮನೆಯ ಸಂಗ್ರಾಣಿ ಕಲ್ಲು, ಗುಂಡುಕಲ್ಲುಗಳಲ್ಲಿ. ಅಲ್ಲಿ ಪಂದ್ಯ ಎಸೆಯುವುದರಲ್ಲಲ್ಲ, ಎತ್ತುವುದರಲ್ಲಿ ಎಂಬ ವ್ಯತ್ಯಾಸ ಉಂಟು. ಇದೂ ಹೋಲಿಕೆಯೇ ಹೊರತು ವಂಶಾವಳಿಯಲ್ಲ.

ಒಲಿಂಪಿಯಾದಲ್ಲಿ ಡಿಸ್ಕಸ್ ಪ್ರತ್ಯೇಕ ಸ್ಪರ್ಧೆಯಾಗಿರಲಿಲ್ಲ. ಓಟ, ಜಿಗಿತ, ಭರ್ಜಿ, ಕುಸ್ತಿಗಳೊಡನೆ ಪಂಚಕ್ರೀಡೆಯ ಅಂಗವಾಗಿತ್ತು. ಸಂಪ್ರದಾಯ ಅದರ ಆರಂಭವನ್ನು ಕ್ರಿ.ಪೂ. 708 ಎನ್ನುತ್ತದೆ. ಉಳಿದು ಬಂದಿರುವ ಡಿಸ್ಕಸ್‌ಗಳಲ್ಲಿ ಕಲ್ಲಿನವೂ ಇವೆ, ಲೋಹದವೂ ಇವೆ. ತೂಕ ಸುಮಾರು 1.3 ಕಿಲೋದಿಂದ 6 ಕಿಲೋ ಮೀರಿದ್ದರವರೆಗೆ. ಇಂದು ಗಂಡಸರಿಗೆ 2 ಕಿಲೋ, ಹೆಂಗಸರಿಗೆ 1 ಕಿಲೋ ಎಂದು ಗೊತ್ತುಮಾಡಿದೆ.

ಹೆಸರಿನಂತೆ ಶಿಲ್ಪವೂ ದಾರಿ ತಪ್ಪಿಸಬಲ್ಲದು. ಕ್ರಿ.ಪೂ. 450ರ ಸುಮಾರಿಗೆ ಗ್ರೀಕ್ ಶಿಲ್ಪಿ ಮೈರನ್ ಎರಕ ಹೊಯ್ದ ಕಂಚಿನ ‘ಡಿಸ್ಕೊಬೊಲಸ್’ ಉಳಿದಿಲ್ಲ. ಇರುವುದು ರೋಮನ್ ಕಾಲದ ಪ್ರತಿಗಳು. 1781ರಲ್ಲಿ ರೋಮ್‌ನಲ್ಲಿ ಸಿಕ್ಕ ಪ್ರತಿಯಲ್ಲಿ ಆಟಗಾರ ತಟ್ಟೆ ಹಿಡಿದ ಕೈಯತ್ತ ಹೊರಳಿ ನೋಡುತ್ತಾನೆ. ಪ್ರಾಚೀನ ಲೇಖಕ ಲೂಸಿಯನ್‌ನ ಬರಹದ ವರ್ಣನೆಯೂ ಹೀಗೇ ಇದೆ. 1791ರಲ್ಲಿ ಟಿವೊಲಿಯಲ್ಲಿ ಸಿಕ್ಕ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಪ್ರತಿಗೆ ತಲೆಯನ್ನು ತಪ್ಪಾಗಿ ಜೋಡಿಸಿದ್ದರಿಂದ ಅವನ ನೋಟ ನೆಲಕ್ಕಿದೆ.

ತಪ್ಪು ಓದು ಮೈದಾನಕ್ಕೂ ಇಳಿಯಿತು. ಇನ್ನೊಬ್ಬ ಪ್ರಾಚೀನ ಲೇಖಕ ಫಿಲೊಸ್ಟ್ರಾಟಸ್‌ನ ಬರಹದ ‘ಬಾಲ್ಬಿಸ್’ ಎಂಬುದನ್ನು ಇಳಿಜಾರು ಪೀಠವೆಂದು ತಿಳಿದು, ಮೈರನ್‌ನ ಭಂಗಿಯನ್ನೇ ಮಾದರಿಯಾಗಿಟ್ಟುಕೊಂಡು, 1906ರ ಅಥೆನ್ಸ್ ಕೂಟದಲ್ಲೂ 1908ರ ಲಂಡನ್ ಒಲಿಂಪಿಕ್ಸ್‌ನಲ್ಲೂ ‘ಗ್ರೀಕ್ ಶೈಲಿ’ಯ ಸ್ಪರ್ಧೆ ನಡೆಸಿದರು. ಬಾಲ್ಬಿಸ್ ಪೀಠವಲ್ಲ, ಎಸೆಯುವವನು ನಿಲ್ಲುವ ಗೆರೆಯ ಜಾಗ ಎಂದು ಕ್ರೀಡಾ ಇತಿಹಾಸಕಾರ ಇ. ನಾರ್ಮನ್ ಗಾರ್ಡಿನರ್ ವಾದಿಸಿದರು. ಲಂಡನ್ನಿನಲ್ಲಿ ಮಾರ್ಟಿನ್ ಶೆರಿಡನ್ ಎರಡೂ ಶೈಲಿಯಲ್ಲಿ ಗೆದ್ದ: ಮುಕ್ತ ಶೈಲಿಯಲ್ಲಿ 40.89 ಮೀಟರ್, ಗ್ರೀಕ್ ಶೈಲಿಯಲ್ಲಿ ಸುಮಾರು 38. ಶಿಲ್ಪದ ಭಂಗಿಗೆ ಮೈ ಒಗ್ಗಿಸಿದ್ದಕ್ಕೆ ಸುಮಾರು ಮೂರು ಮೀಟರ್ ದಂಡ.

ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ 63.64 ಮೀಟರ್ ಎಸೆದು ಚಿನ್ನ ಗೆದ್ದರು. 2.5 ಮೀಟರ್ ವ್ಯಾಸದ ವೃತ್ತದೊಳಗೆ ಒಂದೂವರೆ ಸುತ್ತು ತಿರುಗಿ ಎಸೆಯುವ ಆ ಬಗೆ ಮೈರನ್‌ನ ಶಿಲ್ಪದಿಂದ ಬಂದದ್ದಲ್ಲ, ಹರಿಹರದ ಮೂರ್ತಿಯಿಂದಲೂ ಅಲ್ಲ. ‘ಚಕ್ರ ಎಸೆತ’ ಎಂಬ ಹೆಸರನ್ನು ಬಿಡಬೇಕಾಗಿಲ್ಲ. ಮಗುವಿನ ತೋರುಬೆರಳಿನಿಂದ ಜಾರಿದ ತಟ್ಟೆ ಗಾಳಿಯಲ್ಲಿ ಚಕ್ರದಂತೆ ತಿರುಗುವುದಂತೂ ಸುಳ್ಳಲ್ಲ. ಹೆಸರು ಆ ತಿರುಗುವಿಕೆಗೆ ಸಾಕ್ಷಿ, ಆಟದ ಹುಟ್ಟಿಗಲ್ಲ.